'ಕೋರ್' ಅನ್ನಿ, 'ಕಾರ್ಪ್ಸ್' ಬೇಡ

ಸಿ-ಓ-ಆರ್-ಪಿ-ಎಸ್ ಅಂತ ಬರೆಯುವ ಒಂದು ಇಂಗ್ಲಿಷ್ ಪದ ಇದೆಯಲ್ಲ, ಮರೀನ್ ಕೋರ್, ಪೀಸ್ ಕೋರ್ ಅನ್ನುವಾಗ ಬರುವುದು, ಅದನ್ನು ಓದುವಾಗ ಕೊನೆಯ ಪಿ, ಎಸ್ ಎರಡನ್ನೂ ನುಂಗಿಬಿಡಿ. 'ಕೋರ್' ಅಷ್ಟೇ. ಫ್ರೆಂಚ್‌ನಿಂದ ಬಂದ ಪದ, ಉಚ್ಚಾರಣೆಯೂ ಅಲ್ಲಿಂದಲೇ ಬಂತು. ಅಕ್ಷರ ನೋಡಿ 'ಕಾರ್ಪ್ಸ್' ಅಂದರೆ ಕೇಳಿದವರಿಗೆ ಕೊನೆಯಲ್ಲಿ 'ಇ' ಇರುವ ಬೇರೆ ಪದ ಕಿವಿಗೆ ಬೀಳುತ್ತದೆ, ಅದರ ಅರ್ಥ ಹೆಣ! ಎರಡೂ ಹುಟ್ಟಿದ್ದು ದೇಹ ಎಂಬ ಅರ್ಥದ ಲ್ಯಾಟಿನ್ ಪದದಿಂದಲೇ. ತಪ್ಪಿದರೆ ನಾಚಿಕೆ ಪಡಬೇಡಿ. 2010ರಲ್ಲಿ ಅಮೆರಿಕದ ಅಧ್ಯಕ್ಷ ಒಬಾಮ ಕೂಡ ನೌಕಾಪಡೆಯ ವೈದ್ಯಕೀಯ ಸಹಾಯಕನ ಬಗ್ಗೆ ಮಾತಾಡುವಾಗ 'ಕೋರ್‌ಮನ್' ಅನ್ನುವ ಬದಲು 'ಕಾರ್ಪ್ಸ್‌ಮನ್' ಅಂದುಬಿಟ್ಟಿದ್ದರು.

ಬಹುವಚನಕ್ಕೂ ಅದೇ ಐದು ಅಕ್ಷರ. ಆದರೆ ಬಾಯಲ್ಲಿ ಮಾತ್ರ ಎಸ್ ವಾಪಸ್ ಬಂದು 'ಕೋರ್ಜ್' ಆಗುತ್ತದೆ.

ಇನ್ನು ಅರ್ಥ. ಜಾಸ್ತಿ ಜನ ಎಡವುವುದು ಇಲ್ಲೇ, ಯಾಕೆಂದರೆ ಸೈನ್ಯದ ಒಳಗೇ ಈ ಪದಕ್ಕೆ ಎರಡು ಕೆಲಸ. ಮೊದಲನೆಯದು, ಎರಡು ಅಥವಾ ಹೆಚ್ಚು ಡಿವಿಷನ್‌ಗಳು (ಸೈನ್ಯದ ದೊಡ್ಡ ತುಕಡಿಗಳು) ಸೇರಿದ ದೊಡ್ಡ ಪಡೆ, ಹತ್ತಾರು ಸಾವಿರ ಸೈನಿಕರು, ಮೇಲೆ ಸಾಮಾನ್ಯವಾಗಿ ಒಬ್ಬ ಲೆಫ್ಟಿನೆಂಟ್ ಜನರಲ್. ನೆಪೋಲಿಯನ್ ಇದನ್ನು ಚೆನ್ನಾಗಿ ಬಳಸಿದ: ಪ್ರತಿ ಕೋರ್‌ಗೂ ಅದರದೇ ಕಾಲಾಳು, ಕುದುರೆ, ಫಿರಂಗಿ ಕೊಟ್ಟ, ಹಾಗಾಗಿ ಅದು ಬೇರೆ ದಾರಿಯಲ್ಲಿ ಒಂಟಿಯಾಗಿ ಸಾಗಬಹುದಿತ್ತು, ಶತ್ರು ಎದುರಾದರೆ ಉಳಿದವರು ಬರುವವರೆಗೆ ತಡೆದು ನಿಲ್ಲಬಹುದಿತ್ತು. ಎರಡನೆಯದು, ಒಂದೇ ಕಸುಬಿನವರ ವಿಭಾಗ: ಎಂಜಿನಿಯರ್‌ಗಳು, ಸಿಗ್ನಲ್ಸ್ (ಸಂಪರ್ಕ ವ್ಯವಸ್ಥೆ ನೋಡಿಕೊಳ್ಳುವವರು), ವೈದ್ಯರು. ಇವರು ಒಟ್ಟಾಗಿ ಒಂದು ಪಡೆಯಾಗಿ ಯುದ್ಧಕ್ಕೆ ಹೋಗುವುದಿಲ್ಲ, ಇಡೀ ಸೈನ್ಯದಲ್ಲಿ ಹಂಚಿಹೋಗಿರುತ್ತಾರೆ. ಗುರುತಿಸುವುದು ಹೇಗೆ? ಪಕ್ಕದ ಪದ ನೋಡಿ. ಸಂಖ್ಯೆ ಇದ್ದರೆ, ಅದರಲ್ಲೂ ರೋಮನ್ ಅಂಕಿ ಇದ್ದರೆ, ಅದು ಬಹುಮಟ್ಟಿಗೆ ಮೊದಲನೆಯದು. ಕಸುಬಿನ ಹೆಸರಿದ್ದರೆ ಎರಡನೆಯದು. ಅಮೆರಿಕದ ಮರೀನ್ ಕೋರ್ ಈ ಎರಡಕ್ಕೂ ಸೇರದು, ಅದು ಭೂಸೇನೆ, ನೌಕಾಪಡೆಗಳ ಹಾಗೆ ತಾನೇ ಒಂದು ಸಶಸ್ತ್ರ ಪಡೆ.

ಬಂದೂಕು ಇಲ್ಲದ ಕಡೆಯೂ ಈ ಪದ ಓಡಾಡುತ್ತದೆ. 1961ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಶುರುಮಾಡಿದ ಪೀಸ್ ಕೋರ್ ಸ್ವಯಂಸೇವಕರದು. ಪ್ರೆಸ್ ಕೋರ್ ಅಂದರೆ ಒಂದು ಕಡೆ ಸುದ್ದಿ ಮಾಡುವ ಪತ್ರಕರ್ತರೆಲ್ಲ. ಅನುವಾದ ಮಾಡುವಾಗ ಎಲ್ಲ ಕಡೆ ಸುಮ್ನೆ 'ದಳ' ಅಂತ ಹಾಕಬೇಡಿ, 'ಪತ್ರಕರ್ತರ ದಳ' ಅಂದರೆ ದಾಳಿಗೆ ಹೊರಟವರ ಹಾಗೆ ಕೇಳುತ್ತದೆ ಅಲ್ವಾ? ಅಲ್ಲಿ 'ಪತ್ರಕರ್ತರ ಬಳಗ' ಸಾಕು.