ಮುಷ್ಟಿಗಿಂತ ಮೊದಲು ಪಾದ

ಡೊಂಬಿವಲಿಯಲ್ಲಿ ನನ್ನ ಕರಾಟೆ ತರಗತಿಗೆ ಹೊಸದಾಗಿ ಬರುವವರೆಲ್ಲ ಮೊದಲ ದಿನವೇ ಮುಷ್ಟಿ ಬಿಗಿದು ನಿಲ್ಲುತ್ತಾರೆ. ನಾನು ನೋಡುವುದು ಅವರ ಪಾದಗಳನ್ನು. ಹಿಂಗಾಲಿನ ಹಿಮ್ಮಡಿ ನೆಲ ಬಿಟ್ಟಿದ್ದರೆ ಭುಜವೊಂದೇ ದುಡಿಯುತ್ತದೆ, ಗುದ್ದಿಗೆ ಬಲ ಬರುವುದಿಲ್ಲ.

ಈ ಕಣ್ಣು ಬಂದದ್ದು ಧಾರವಾಡದ ಗರಡಿಮನೆಯಿಂದ. ಸಾಮು ಮಾಡುವಾಗ ನಿಲುವು ಸಡಿಲವಾದರೆ ವಸ್ತಾದರು ಮಾತಿಲ್ಲದೆ ಮೀನಖಂಡಕ್ಕೆ ತಟ್ಟುತ್ತಿದ್ದರು. ನೌಕರಿಗಾಗಿ ಮುಂಬಯಿಗೆ ಬಂದ ಮೇಲೆ ಶೋಟೊಕಾನ್ ಕರಾಟೆ ಸೇರಿದೆ. ಜಪಾನಿನ ಒಕಿನಾವಾ ದ್ವೀಪದ ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೊದಲ್ಲಿ ಪ್ರದರ್ಶಿಸಿದ ವಿದ್ಯೆಯಿಂದ ಬೆಳೆದ ಶೈಲಿ ಅದು. ಅದರ ಉದ್ದನೆಯ, ತಗ್ಗಿದ ನಿಲುವುಗಳು ಗರಡಿಯಲ್ಲಿ ಪಳಗಿದ ತೊಡೆಗಳಿಗೆ ಕೂಡಲೇ ಒಗ್ಗಿದವು.

ನನ್ನ ಮೊದಲ ಪಾಠ ಝೆನ್‌ಕುತ್ಸು ದಾಚಿ, ಅಂದರೆ ಮುಂಗಾಲು ಬಾಗಿಸಿ ನಿಲ್ಲುವ ನಿಲುವು. ಮುಂದಿನ ಮೊಣಕಾಲು ಬೆರಳುಗಳ ಕಡೆಗೆ ಬಾಗಿರಬೇಕು, ಹಿಂಗಾಲು ನೆಟ್ಟಗಿರಬೇಕು, ಎರಡು ಪಾದಗಳ ನಡುವೆ ಸೊಂಟದಷ್ಟು ಅಗಲ ಇರಬೇಕು. ಹೊಸಬರು ಎರಡೂ ಪಾದಗಳನ್ನು ಒಂದೇ ಗೆರೆಯ ಮೇಲಿಡುತ್ತಾರೆ. ಆಗ ಪಕ್ಕದಿಂದ ಎರಡು ಬೆರಳಲ್ಲಿ ತಳ್ಳುತ್ತೇನೆ, ವಾಲಿಬಿಡುತ್ತಾರೆ. ಪಾದ ಅಗಲಿಸಿ ಮತ್ತೆ ತಳ್ಳಿದರೆ ಕದಲುವುದಿಲ್ಲ. ವಿವರಣೆ ಅಷ್ಟೇ ಸಾಕು.

ಗುದ್ದು ಅದರ ನಂತರ. ಅಲ್ಲಿಯೂ ನನ್ನ ಗಮನವೆಲ್ಲ ಹಿಕಿತೆಯ ಮೇಲೆ, ಅಂದರೆ ಸೊಂಟಕ್ಕೆ ಹಿಂದಿರುಗುವ ಕೈಯ ಮೇಲೆ. ಆ ಮುಷ್ಟಿಯನ್ನು ಮುಂದಿನಿಂದ ಹಿಡಿದುಕೊಂಡು, "ಎಳೆದು ಬಿಡಿಸಿಕೊಳ್ಳಿ" ಎನ್ನುತ್ತೇನೆ. ಎಳೆಯುವ ಭರದಲ್ಲಿ ಸೊಂಟ ತಾನಾಗಿ ತಿರುಗುತ್ತದೆ. ಸೊಂಟದಿಂದ ಬರುವ ಬಲ ಎಂದರೇನೆಂದು ಮೈಗೆ ತಿಳಿಯುವುದು ಆಗಲೇ.

ಹೋಟೆಲಿನಲ್ಲಿ ದಿನವಿಡೀ ನಿಂತು ದುಡಿಯುವ ನಮ್ಮ ಕರಾವಳಿಯವರೂ ಬರುತ್ತಾರೆ. ನಲವತ್ತು ದಾಟಿದವರ ಮೊಣಕಾಲಿಗೆ ಅಷ್ಟು ಉದ್ದದ ನಿಲುವು ಬೇಡ. ಅಂತರ ಕಡಿಮೆ ಮಾಡಿಸುತ್ತೇನೆ, ಹಿಮ್ಮಡಿಯನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

"ಸರ್, ಇವನಿಗೆ ಹಳದಿ ಬೆಲ್ಟ್ ಯಾವಾಗ?" ಎಂದು ತಾಯಂದಿರು ಕೇಳುತ್ತಾರೆ. "ಹೊರಟ ಜಾಗಕ್ಕೇ ಬಂದು ನಿಲ್ಲಲಿ ಅಮ್ಮ, ಆಮೇಲೆ ನೋಡೋಣ" ಎನ್ನುತ್ತೇನೆ. ಕರಾಟೆ ಗುರು ಅಂಕೋ ಇತೋಸು ಕಳೆದ ಶತಮಾನದ ಆರಂಭದಲ್ಲಿ ಒಕಿನಾವಾದ ಶಾಲಾ ಮಕ್ಕಳಿಗೆ ಕಲಿಸಿದ ಕಾತಾಗಳಲ್ಲಿ, ಅಂದರೆ ಒಬ್ಬರೇ ಮಾಡುವ ನಿಗದಿತ ಚಲನೆಗಳ ಸರಣಿಗಳಲ್ಲಿ, ಒಂದು ಈಗಿನ ಹೆಯಾನ್ ಶೋದಾನ್. 21 ಚಲನೆಗಳು, ಒಂದೂ ಒದೆತವಿಲ್ಲ. ತಡೆ, ಗುದ್ದು, ತಿರುವು, ನಡಿಗೆ ಇಷ್ಟೇ. ಹೆಜ್ಜೆಗಳೆಲ್ಲ ಒಂದೇ ಅಳತೆಯಲ್ಲಿದ್ದರೆ ಹೊರಟಲ್ಲಿಗೇ ಮುಗಿಯುತ್ತದೆ. ನೆಲದ ಟೈಲ್ಸ್ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಮಾಡಿಸುತ್ತೇನೆ. ಒಂದು ಟೈಲ್ ಆಚೆ ನಿಂತ ಮಗು ಯಾವ ತಿರುವಿನಲ್ಲಿ ಹೆಜ್ಜೆ ಮೊಟಕಾಯಿತೆಂದು ತಾನೇ ಹುಡುಕಬೇಕು.

ಕುಮಿತೆಗೆ, ಅಂದರೆ ಎದುರುಬದುರು ನಿಂತು ಸೆಣಸುವುದಕ್ಕೆ, ನನಗೆ ಅವಸರವಿಲ್ಲ. ಎದುರಾಳಿಯ ಎದೆಗೆ ಮುಟ್ಟುವ ಮೊದಲೇ ಮುಷ್ಟಿ ನಿಲ್ಲಿಸಬಲ್ಲವರನ್ನು ಮಾತ್ರ ಜೋಡಿಯಾಗಿ ಬಿಡುತ್ತೇನೆ. ನಿಲ್ಲಿಸಲಾರದವರು, ಎಷ್ಟೇ ದೊಡ್ಡವರಾಗಿರಲಿ, ಮತ್ತೆ ಸಾಲಿಗೆ ಹೋಗಿ ನಡೆಯುತ್ತಾ ಗುದ್ದುವ ಓಯ್ ಝುಕಿಯನ್ನೇ ಅಭ್ಯಾಸ ಮಾಡಬೇಕು.