ಕ್ಯಾಮೆರಾದ ಟರಟರ ಅಡಗಿಸುವುದು ಹೇಗೆ?

ಹಳೆಯ 16 ಎಂಎಂ ಫಿಲ್ಮ್ ಕ್ಯಾಮೆರಾ ಕಡಿಮೆ ಬಾಡಿಗೆಗೆ ಸಿಕ್ಕಿತೆಂದು ಹಿಗ್ಗಬೇಡಿ, ಅದು ಹೊಲಿಗೆ ಯಂತ್ರದ ಹಾಗೆ ಸದ್ದು ಮಾಡುತ್ತದೆ, ನಟರ ಮಾತಿನ ಜೊತೆ ಆ ಸದ್ದೂ ಮೈಕಿಗೆ ಸೇರುತ್ತದೆ. ಆರಿಫ್ಲೆಕ್ಸ್ 16 ಬಿಎಲ್, ಎಕ್ಲೇರ್ ಎನ್‌ಪಿಆರ್‌ಗಳಲ್ಲಾದರೆ ಸದ್ದು ತಡೆಯುವ ಏರ್ಪಾಡು ಒಳಗೇ ಇದೆ. ಸಿಕ್ಕಿದರೆ ಅರ್ಧ ತಲೆನೋವು ತಪ್ಪಿತು. ಈ ಏರ್ಪಾಡಿಲ್ಲದ ಬೋಲೆಕ್ಸ್‌ನಂಥದ್ದೇ ಗತಿಯಾದರೆ ಮುಂದೆ ಓದಿ.

ಮೊದಲು ಸದ್ದು ಎಲ್ಲಿಂದ ಬರುತ್ತಿದೆ ನೋಡಿ. ಕ್ಯಾಮೆರಾವನ್ನು ಖಾಲಿ ಓಡಿಸಿ, ಆಮೇಲೆ ಹಾಳಾದ ಫಿಲ್ಮ್ ಹಾಕಿ ಓಡಿಸಿ. ಎಲ್ಲರೂ ಬೈಯುವುದು ಮೋಟಾರನ್ನು. ಆದರೆ ಸೆಕೆಂಡಿಗೆ 24 ಸಲ ಫಿಲ್ಮನ್ನು ಎಳೆದು ನಿಲ್ಲಿಸುವ ಕೊಕ್ಕೆಯ ಪಾಲೇನೂ ಕಡಿಮೆಯಿಲ್ಲ. ಫಿಲ್ಮ್ ಹಾಕಿದಾಗ ಸದ್ದು ವಿಪರೀತ ಏರಿದರೆ ಲೂಪ್ (ಫಿಲ್ಮಿಗೆ ಬಿಡುವ ಸಡಿಲ ಬಳುಕು) ಸರಿಯಿದೆಯೇ ನೋಡಿ. ಅಳತೆ ತಪ್ಪಿದ್ದರೆ ಫಿಲ್ಮ್ ಪಟಪಟ ಬಡಿಯುತ್ತದೆ.

ಇನ್ನು ಹೊದಿಕೆ. ಸಿನಿಮಾದವರು ಇದಕ್ಕೆ ಬಾರ್ನಿ ಎನ್ನುತ್ತಾರೆ. ಬರೀ ಸ್ಪಂಜು ಸುತ್ತಿದರೆ ಕೀರಲು ಸದ್ದು ತಗ್ಗೀತು, ಗೊರಗೊರ ಹಾಗೇ ಉಳಿಯುತ್ತದೆ. ಸದ್ದು ತಡೆಯಲು ತೂಕ ಬೇಕು: ಒಳಗೆ ಸ್ಪಂಜು, ನಡುವೆ ಭಾರದ ರಬ್ಬರ್ ಹಾಳೆ, ಹೊರಗೆ ದಪ್ಪ ಕಂಬಳಿ. ಬೆರಳು ತೂರುವಷ್ಟು ಸಂದಿಯಿದ್ದರೂ ಪಟ್ಟ ಶ್ರಮವೆಲ್ಲ ಸೋರಿಹೋಗುತ್ತದೆ. ಲೆನ್ಸ್ ಕಡೆಯಿಂದಲೂ ಸದ್ದು ಹೊರಬೀಳುತ್ತದೆ. ಮುಂದೆ ಶುಭ್ರವಾದ ಗಾಜು ಇಡಿ, ಕೊಂಚ ಓರೆಯಾಗಿ, ಇಲ್ಲವಾದರೆ ದೀಪಗಳ ಪ್ರತಿಬಿಂಬ ಚಿತ್ರದಲ್ಲಿ ಕೂರುತ್ತದೆ. ಏನೂ ಸಿಗದೆ ಸಹಾಯಕನ ಚಳಿಕೋಟನ್ನೇ ಕಿತ್ತು ಹೊದಿಸುವುದೂ ಉಂಟು! ಡಿಜಿಟಲ್ ಕ್ಯಾಮೆರಾಕ್ಕೆ ಮಾತ್ರ ಹೀಗೆ ಮುಸುಕು ಹಾಕಬೇಡಿ, ಬಿಸಿಯಾಗಿ ನಿಂತುಬಿಡಬಹುದು. ಅಲ್ಲಿ ಸದ್ದು ಮಾಡುವ ಆಟೊಫೋಕಸ್ ಬಂದ್ ಮಾಡಿ, ಕೈಯಲ್ಲೇ ಫೋಕಸ್ ಮಾಡಿ.

ಕಾಸಿಲ್ಲದ ಉಪಾಯವೆಂದರೆ ದೂರ. ಕ್ಯಾಮೆರಾ ಹಿಂದೆ ಸರಿಸಿ, ದೂರದ್ದನ್ನು ಹತ್ತಿರ ತೋರಿಸುವ ಉದ್ದದ ಲೆನ್ಸ್ ಹಾಕಿ, ಮೈಕನ್ನು ಬಾಯಿಯ ಹತ್ತಿರಕ್ಕೆ ತನ್ನಿ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯಲ್ಲಿ ಅಷ್ಟು ಲಾಭವಿಲ್ಲ, ಗೋಡೆಗಳು ಸದ್ದನ್ನು ತಿರುಗಿಸಿ ಎಸೆಯುತ್ತವೆ. ಅಲ್ಲಿ ಕ್ಯಾಮೆರಾದ ಹಿಂದಿನ ಗೋಡೆಗೂ ಕಂಬಳಿ ನೇತುಹಾಕಿ, ಟ್ರೈಪಾಡ್ ಕಾಲಡಿ ರಬ್ಬರ್ ಇಡಿ. ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕ್ ಆದರೆ ಅದರ ಬೆನ್ನು ನೇರ ಕ್ಯಾಮೆರಾ ಕಡೆಗಿರಲಿ, ಬೆನ್ನ ಹಿಂದಿನ ಸದ್ದಿಗೆ ಅದು ಬಹುಮಟ್ಟಿಗೆ ಕಿವುಡು. ಇನ್ನೂ ಕಿರಿದಾದ ಕಡೆಯಿಂದ ಸದ್ದು ಹಿಡಿಯುವ ಹೈಪರ್‌ಕಾರ್ಡಿಯಾಯ್ಡ್‌ನ ಕಿವುಡು ಜಾಗ ನೇರ ಹಿಂದಿಲ್ಲ, ಮುಂಭಾಗದಿಂದ ಸುಮಾರು 110 ಡಿಗ್ರಿ ಪಕ್ಕಕ್ಕಿದೆ. ಹೆಡ್‌ಫೋನ್ ಹಾಕಿಕೊಂಡು ಬೂಮನ್ನು (ಮೈಕ್ ಕಟ್ಟಿದ ಕೋಲು) ನಿಧಾನಕ್ಕೆ ತಿರುಗಿಸಿದರೆ ಟರಟರ ಎಲ್ಲಿ ಕುಗ್ಗುತ್ತದೆಂದು ತಾನೇ ತಿಳಿಯುತ್ತದೆ.

ಇಷ್ಟಾದರೂ ಪಿಸುಮಾತಿನ ದೃಶ್ಯದಲ್ಲಿ ಸದ್ದು ಇಣುಕಿಯೇ ತೀರುತ್ತದೆ. ಟೇಕ್ ಓಕೆಯಾದ ಕೂಡಲೇ, ನಟರು ಕದಲುವ ಮುಂಚೆ, ಕ್ಯಾಮೆರಾ ನಿಲ್ಲಿಸಿ ಅದೇ ಮೈಕಿನಲ್ಲಿ ಮಾತನ್ನು ಇನ್ನೊಮ್ಮೆ ಹೇಳಿಸಿ. ಉಸಿರು, ಲಯ ಇನ್ನೂ ಮೈಯಲ್ಲಿರುತ್ತದೆ. ತಿಂಗಳ ನಂತರದ ಡಬ್ಬಿಂಗ್‌ಗಿಂತ ಇದು ತುಟಿಗೆ ಚೆನ್ನಾಗಿ ಕೂರುತ್ತದೆ. ಜೊತೆಗೆ ಯಾರೂ ಮಾತಾಡದೆ ಕ್ಯಾಮೆರಾ ಮಾತ್ರ ಓಡುವ ಸದ್ದನ್ನು 30 ಸೆಕೆಂಡ್ ಹಿಡಿದಿಡಿ, ಸದ್ದು ತೆಗೆಯುವ ಸಾಫ್ಟ್‌ವೇರ್‌ಗೆ ಮಾದರಿಯಾಗಿ ಕೊಡಲು. ಆ ಸಾಫ್ಟ್‌ವೇರನ್ನು ಹದವಾಗಿ ಬಳಸಿ, ಅತಿಯಾದರೆ ನಾಯಕಿ ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ.