ಗದಗದಿಂದ ಹುಬ್ಬಳ್ಳಿಗೆ, ಅರ್ಧ ಕಪ್ ಚಹಾಕ್ಕೆ

ಕುಡಿತ ಬಿಡುತ್ತೇನೆ ಅಂತ ನಾನು ಮಾಡಿದ ಆಣೆಗಳಿಗೆ ಲೆಕ್ಕವಿಲ್ಲ. ಎಲ್ಲಮ್ಮನ ಗುಡ್ಡದಲ್ಲಿ ಒಮ್ಮೆ, ಸಿದ್ಧಾರೂಢ ಮಠದಲ್ಲಿ ಒಮ್ಮೆ, ಮಗಳ ತಲೆ ಮೇಲೆ ಕೈಯಿಟ್ಟು ಎರಡು ಸಲ. ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡುತ್ತಿದ್ದ ಇಳಕಲ್ಲಿನ ಮಹಾಂತ ಅಪ್ಪಗಳ ಜೋಳಿಗೆಗೂ ನನ್ನ ಚಟ ಹಾಕಿ ಕೈಮುಗಿದವನು ನಾನು. ಎಂಟು ದಿನಕ್ಕೆ ವಾಪಸ್ ತಗೊಂಡೆ, ಅಷ್ಟೇ.

ಗದಗದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನನ್ನ ಕೆಲಸ. ಲಗ್ನದ ಸೀಸನ್ನಿನಲ್ಲಿ ಬೆಳಗ್ಗೆ ಬಂದು ನಿಂತರೆ ಪತ್ರಿಕೆ ಎಣಿಸಲಿಕ್ಕೂ ಆಗದಷ್ಟು ಕೈ ನಡುಗುತ್ತಿತ್ತು. ಒಂದು ತೊಂಬತ್ತು ಎಂ.ಎಲ್. ಪ್ಯಾಕೆಟ್ ಹೊಟ್ಟೆಗೆ ಬಿದ್ದ ಮೇಲೆಯೇ ಕೈ ಮಾತು ಕೇಳುತ್ತಿತ್ತು.

2023ರ ಮಳೆಗಾಲದಲ್ಲಿ ಹಟಕ್ಕೆ ಬಿದ್ದು ಒಮ್ಮೆಲೇ ನಿಲ್ಲಿಸಿದೆ. ಮರುದಿನ ಮಧ್ಯಾಹ್ನ ಫಿಟ್ಸ್ ಬಂದು ಬಚ್ಚಲಲ್ಲಿ ಬಿದ್ದೆ. ದಿನಾ ಜಾಸ್ತಿ ಕುಡಿಯುವವರು ಡಾಕ್ಟರನ್ನು ಕೇಳದೆ ಹೀಗೆ ದಿಢೀರ್ ಅಂತ ಬಿಡಲೇಬಾರದು. ಫಿಟ್ಸ್ ಬರಬಹುದು, ಎರಡು-ಮೂರು ದಿನದ ಮೇಲೆ ಇಲ್ಲದ್ದೆಲ್ಲ ಕಣ್ಣಿಗೆ ಕಾಣಿಸಬಹುದು, ಜೀವವೇ ಹೋಗಬಹುದು. ನನ್ನನ್ನು ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋದರು. ನಡುಕಕ್ಕೆ ಗುಳಿಗೆ ಕೊಟ್ಟರು, ಬಿ1 ವಿಟಮಿನ್ ಇಂಜೆಕ್ಷನ್ ಹಾಕಿದರು. ಮನೆಗೆ ಕಳಿಸುವ ದಿನ ಕೌನ್ಸೆಲರ್ ಮೇಡಂ ಒಂದು ಚೀಟಿ ಕೊಟ್ಟು, "ಗುಳಿಗಿ ನಡುಕ ನಿಲ್ಲಸ್ತೈತಿ. ಸಂಜಿ ಆದ್ರ ಬಾರಿನ ಕಡೆ ಹೊಂಟ ಕಾಲು ನಿಲ್ಲಸಂಗಿಲ್ರಿ. ಇವರಿಗೆ ಫೋನ್ ಹಚ್ಚರಿ" ಅಂದರು.

ಅದು ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಗುಂಪಿನ ನಂಬರ್. ನಾಲ್ಕು ದಿನ ಚೀಟಿ ಜೇಬಲ್ಲೇ ಇತ್ತು. ಕೊನೆಗೆ ಫೋನ್ ಮಾಡಿದರೆ ಆ ಕಡೆಯವರು ಕೇಳಿದ್ದು ಎರಡೇ ಮಾತು: ಎಲ್ಲಿಂದ, ಇವತ್ತು ಕುಡಿದಿದ್ದೀರಾ. ಮೀಟಿಂಗ್ ಹುಬ್ಬಳ್ಳಿಯಲ್ಲಿ, ಶನಿವಾರ ಸಂಜೆ, ಒಂದು ಶಾಲೆಯ ಕೋಣೆಯಲ್ಲಿ. ನನಗೂ ಅದೇ ಬೇಕಿತ್ತು. "ಗದಗದಾಗ ಯಾರರ ನೋಡಿದ್ರ ಮರ್ಯಾದಿ ಹೋಗ್ತೈತ್ರಿ" ಅಂದೆ. ಅವರು ನಕ್ಕರು. "ಗಟಾರದಾಗ ಬಿದ್ದಾಗ ಯಾರೂ ನೋಡಿರಲಿಲ್ಲೇನ್ರಿ?"

ಮೊದಲ ಶನಿವಾರ ನಾನು ಮೀಟಿಂಗಿಗೆ ಹೋಗಲೇ ಇಲ್ಲ. ಹುಬ್ಬಳ್ಳಿಯಲ್ಲಿ ರೈಲು ಇಳಿದೆ. ಅಲ್ಲಿನ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದದ್ದು, 1,507 ಮೀಟರ್. ಆ ತುದಿಯಿಂದ ಈ ತುದಿಗೆ ನಡೆದೆ, ಮತ್ತೆ ತಿರುಗಿ ನಡೆದೆ. ಮುಂದಿನ ಗಾಡಿ ಹತ್ತಿ ಮನೆಗೆ ಬಂದು, ಮೀಟಿಂಗ್ ಚಲೋ ಆತು ಅಂತ ಹೆಂಡತಿಗೆ ಸುಳ್ಳು ಹೇಳಿದೆ.

ಮರುವಾರ ಒಳಗೆ ಹೋದೆ. ಹನ್ನೊಂದು ಜನ. ಬಾಗಿಲ ಹತ್ತಿರ ಕೂತಿದ್ದವರು ಚಹಾ ಕೊಟ್ಟರು, ಅರ್ಧ ಕಪ್ ಮಾತ್ರ. ಹೊಸಬ ಅಂತ ಕಡಿಮೆ ಕೊಟ್ಟರಾ ಅಂತ ಸಿಟ್ಟೂ ಬಂತು. ಕಪ್ ಹಿಡಿದಾಗ ಗೊತ್ತಾಯಿತು. ಕೈ ನಡುಗುವವನಿಗೆ ತುಂಬಿದ ಕಪ್ ಕೊಟ್ಟರೆ ಅಂಗಿ ಮೇಲೆ ಚೆಲ್ಲುತ್ತದೆ, ಅಲ್ವಾ? ಅವರಿಗೂ ಒಂದು ಕಾಲಕ್ಕೆ ಚೆಲ್ಲಿತ್ತಂತೆ.

ಒಬ್ಬೊಬ್ಬರೇ ಹೆಸರು ಹೇಳಿ ತಮ್ಮ ಕಥೆ ಹೇಳಿದರು. ಅಡ್ಡಹೆಸರು, ಊರು, ಜಾತಿ ಯಾರೂ ಕೇಳಲಿಲ್ಲ. ಒಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ಬುದ್ಧಿಮಾತು ಕೇಳಿ ಕೇಳಿ ಸಾಕಾಗಿದ್ದ ನನಗೆ ಇದೇ ಹಿಡಿಸಿತು. ಫೀಸ್ ಇಲ್ಲ. ಕುಡಿತ ಬಿಡುವ ಆಸೆ ಇದ್ದರೆ ಸಾಕು, ಅವನು ಸದಸ್ಯ. 1935ರಲ್ಲಿ ಅಮೆರಿಕದ ಅಕ್ರನ್ ಊರಲ್ಲಿ ಇಬ್ಬರು ಕುಡುಕರು, ಅವರಲ್ಲೊಬ್ಬರು ಸರ್ಜನ್, ಕೂತು ಮಾತಾಡಿದ್ದರಿಂದ ಇದು ಶುರುವಾಯಿತಂತೆ. ಹನ್ನೆರಡು ಮೆಟ್ಟಿಲುಗಳು ಅಂತ ಇವೆ. ನಮ್ಮ ತಪ್ಪುಗಳನ್ನು ನಾವೇ ಬರೆದುಕೊಳ್ಳುವ ನಾಲ್ಕನೆಯದರಲ್ಲಿ ನಾನು ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡಿದ್ದೆ. ಪ್ರೆಸ್ಸಿನವನಿಗೆ ಕಾಗದಕ್ಕೇನು ಬರ? ಪೆನ್ನು ಮಾತ್ರ ಓಡಲಿಲ್ಲ.

ನಲವತ್ಮೂರನೇ ದಿನ ಅಣ್ಣಿಗೇರಿಯ ಒಂದು ಲಗ್ನದಲ್ಲಿ ಕುಡಿದೆ. ಎರಡು ಶನಿವಾರ ಮುಖ ತೋರಿಸಲಿಲ್ಲ. ಮೂರನೇ ವಾರ ಅದೇ ಚಹಾದವರ ಫೋನ್ ಬಂತು. ಯಾಕೆ, ಏನು ಅಂತ ಕೇಳಲೇ ಇಲ್ಲ. "ಈ ಸಲ ನಂಗ ಬರಾಕ ತಡ ಆಗ್ತೈತಿ. ಚಾ ಮಾಡೋರು ಯಾರಿಲ್ಲ, ನೀವು ಲಗೂನ ಬರ್ರಿ." ಹೋದೆ. ನೋಡಿದರೆ ಅವರು ನನಗಿಂತ ಮೊದಲೇ ಬಂದು ಕೂತಿದ್ದರು. ಅವತ್ತಿನಿಂದ ಚಹಾ ನನ್ನ ಪಾಲಿಗೆ. ದಿನದ ಲೆಕ್ಕ ಮತ್ತೆ ಒಂದರಿಂದ.

ನೀವೂ ಇಂಥ ಮೀಟಿಂಗ್ ಹುಡುಕುತ್ತಿದ್ದರೆ ಹೊರಡುವ ಮುಂಚೆ ಫೋನ್ ಮಾಡಿ. ಜಾಗ, ಟೈಮು ಬದಲಾಗುತ್ತಿರುತ್ತವೆ. ಯಾವ ಭಾಷೆಯಲ್ಲಿ ನಡೆಯುತ್ತದೆ ಅಂತಲೂ ಕೇಳಿ. ಮನೆಯವರನ್ನು ಕರೆದುಕೊಂಡು ಹೋಗುವುದಾದರೆ 'ಓಪನ್' ಮೀಟಿಂಗ್ ಯಾವತ್ತು ಅಂತ ಕೇಳಬೇಕು, ಉಳಿದವು ಕುಡಿತದ ತೊಂದರೆ ಇದ್ದವರಿಗೆ ಮಾತ್ರ. ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಚ್ಚಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಹಳ್ಳಿ ಕಡೆಯವರಿಗೆ ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರಗಳೂ ಇವೆ. ಶಿಬಿರ ಮುಗಿಸಿದವರು ನವಜೀವನ ಸಮಿತಿ ಅಂತ ಆಮೇಲೂ ಸೇರುತ್ತಾರೆ. ನನ್ನ ಕೇಳಿದರೆ ಆ 'ಆಮೇಲೆ' ಸೇರುವುದೇ ಮುಖ್ಯ.

ಒಂದು ಓಪನ್ ಮೀಟಿಂಗಿಗೆ ಹೆಂಡತಿಯನ್ನು ಕರೆದುಕೊಂಡು ಹೋಗಿದ್ದೆ. ಹಿಂದಿನ ಕುರ್ಚಿಯಲ್ಲಿ ಕೂತು ಎಲ್ಲ ಕೇಳಿದಳು. ವಾಪಸ್ ಬರುವಾಗ ಅಣ್ಣಿಗೇರಿ ದಾಟುವವರೆಗೂ ಕಿಟಕಿ ಹೊರಗೇ ನೋಡುತ್ತಿದ್ದಳು. ಆಮೇಲೆ ಹೇಳಿದಳು, "ಇನ್ನ ಮಗಳ ತಲಿ ಮ್ಯಾಲ ಕೈ ಇಡಬ್ಯಾಡ್ರಿ. ಶನಿವಾರದ ಗಾಡಿ ತಪ್ಪಿಸಬ್ಯಾಡ್ರಿ, ಸಾಕು."